ಆನಂದಮಯ, ಆನಂದಮೈಡ್: ನಿದ್ದೆಯ ಬಗ್ಗೆ ಒಂದು ತಕರಾರು

ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯದ ಕರಡು ಕೊಟ್ಟು ಹದಿನೈದು ದಿನವಾದ ಮೇಲೆ ಮೇಡಂ ಕರೆಸಿದರು. ಅಧ್ಯಾಯ ಕಾವ್ಯಾನಂದದ ಬಗ್ಗೆ. ಕಳೆದ ಶತಮಾನದ ಕನ್ನಡ ವಿಮರ್ಶೆ ‘ಆನಂದ’ ಎಂಬ ಮಾತನ್ನು ಹೇಗೆಲ್ಲ ಬಳಸಿಕೊಂಡಿತು ಎನ್ನುವುದು ಅದರ ವಿಷಯ. ನಲವತ್ತು ಪುಟಗಳಲ್ಲಿ ಮೂವತ್ತೊಂಬತ್ತಕ್ಕೆ ಪೆನ್ಸಿಲ್ಲಿನ ಸಣ್ಣಪುಟ್ಟ ಗುರುತುಗಳಿದ್ದವು. ಒಂದು ಪುಟಕ್ಕೆ ಮಾತ್ರ ಮೇಲಿಂದ ಕೆಳಗಿನವರೆಗೆ ಒಂದೇ ಗೆರೆ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಪುಟ ಅದೇ.

ಆ ಪುಟದಲ್ಲಿ ನಾನು ಬರೆದಿದ್ದು ಇಷ್ಟು: ಕನಸೂ ಇಲ್ಲದ ಗಾಢನಿದ್ದೆಯಲ್ಲಿರುವವನನ್ನು ಮಾಂಡೂಕ್ಯ ಉಪನಿಷತ್ತು ಆನಂದಮಯ ಎನ್ನುತ್ತದೆ, ಆನಂದವನ್ನು ಉಣ್ಣುವವನು ಎನ್ನುತ್ತದೆ. 1992ರಲ್ಲಿ ವಿಜ್ಞಾನಿಗಳು ಮಿದುಳಿನಲ್ಲಿ ಒಂದು ವಸ್ತುವನ್ನು ಕಂಡುಹಿಡಿದು, ಸಂಸ್ಕೃತದ ‘ಆನಂದ’ವನ್ನೇ ತೆಗೆದುಕೊಂಡು ‘ಆನಂದಮೈಡ್’ ಎಂದು ಹೆಸರಿಟ್ಟರು. ಆ ವಸ್ತು ನಿದ್ದೆ ತರಿಸುತ್ತದೆ ಎಂದು ಆಮೇಲೆ ಗೊತ್ತಾಯಿತು. ಹಾಗಾದರೆ ಉಪನಿಷತ್ತು ಒಳಗಿನಿಂದ ಕಂಡಿದ್ದನ್ನೇ ವಿಜ್ಞಾನ ಹೊರಗಿನಿಂದ ಮುಟ್ಟಿತಲ್ಲವೇ? ಕಾವ್ಯಾನಂದಕ್ಕೂ ಇದೇ ದಾರಿ ಇರಬಹುದಲ್ಲವೇ? ಕನ್ನಡದಲ್ಲಿ ಬರೆದರೆ ಆನಂದಮಯಕ್ಕೂ ಆನಂದಮೈಡಿಗೂ ವ್ಯತ್ಯಾಸ ಹೆಚ್ಚುಕಡಿಮೆ ಒಂದು ‘ಡ್’ ಮಾತ್ರ, ಎಂದು ಚಮತ್ಕಾರದ ಒಂದು ಸಾಲನ್ನೂ ಸೇರಿಸಿದ್ದೆ.

“ಏನಪ್ಪಾ, ಈ ಹೆಸರಿಟ್ಟೋರು ಯಾರು, ಯಾಕಿಟ್ರು ಅಂತ ನೋಡಿದೀಯಾ?” ಎಂದರು ಮೇಡಂ.

“ಇಲ್ಲ ಮೇಡಂ.”

“ಕವಿ ಬಳಸಿದ ಒಂದು ಶಬ್ದಕ್ಕೆ ಮೂರು ವ್ಯಾಖ್ಯಾನ ತೆಗೆದು ನೋಡ್ತೀಯ. ವಿಜ್ಞಾನಿ ಇಟ್ಟ ಹೆಸರನ್ನ ಹಂಗೇ ನುಂಗ್ಬಿಡ್ತೀಯಲ್ಲ.”

ಆ ಮಾತು ಚುಚ್ಚಿತು, ಏಕೆಂದರೆ ಸರಿಯಾಗಿತ್ತು. ‘ನಮ್ಮ ಋಷಿಗಳಿಗೆ ಎಲ್ಲ ಗೊತ್ತಿತ್ತು’ ಎನ್ನುವ ವಾಟ್ಸ್‌ಆ್ಯಪ್ ಲೇಖನಗಳನ್ನು ನೋಡಿ ನಗುವ ನಾನು ಅಡಿಟಿಪ್ಪಣಿ ಸಮೇತ ಅದನ್ನೇ ಬರೆದಿದ್ದೆ. ಈ ಬರಹ ಆ ಪುಟದ ಮೇಲೆ ನಾನೇ ಬರೆದ ವಿಮರ್ಶೆ ಎಂದುಕೊಳ್ಳಿ.

ಹೆಸರಿನಿಂದ ಶುರು ಮಾಡೋಣ. 1964ರಲ್ಲಿ ಇಸ್ರೇಲಿನಲ್ಲಿ ರಫಾಯೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗವೋನಿ ಗಾಂಜಾದ ಮತ್ತಿಗೆ ಕಾರಣವಾದ ಟಿಎಚ್‌ಸಿ ಎಂಬ ರಾಸಾಯನಿಕವನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಗಿಡದೊಳಗಿನ ಒಂದು ವಸ್ತುವಿಗೆ ಮಿದುಳು ಓಗೊಡಬೇಕಾದರೆ, ಅದು ಹೋಗಿ ಕೂರುವ ಜಾಗ ಮಿದುಳಿನಲ್ಲಿ ಇರಬೇಕು. ಆ ಜಾಗವನ್ನು 1988ರಲ್ಲಿ ಅಮೆರಿಕದಲ್ಲಿ ಅಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಇಲಿಯ ಮಿದುಳಿನಲ್ಲಿ ತೋರಿಸಿಕೊಟ್ಟರು. ಇವತ್ತು ಅದನ್ನು ಸಿಬಿ1 ಗ್ರಾಹಕ ಎನ್ನುತ್ತಾರೆ. ಗಾಂಜಾ ಗಿಡವನ್ನೇ ಕಾಣದವರ ಮಿದುಳಿನಲ್ಲೂ ಈ ಗ್ರಾಹಕ ಇದೆ ಎಂದ ಮೇಲೆ, ದೇಹ ತಾನೇ ತಯಾರಿಸಿಕೊಳ್ಳುವ ಯಾವುದೋ ವಸ್ತುವಿಗಾಗಿ ಅದು ಇರಬೇಕು. ಡಿವೇನ್ ಜೆರುಸಲೆಮ್‌ಗೆ ಹೋಗಿ ಮೆಶೂಲಮ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ಅವರೂ ಲೂಮೀರ್ ಹನುಷ್ ಅವರೂ ಹಂದಿಯ ಮಿದುಳಿನಿಂದ ಆ ವಸ್ತುವನ್ನು ತೆಗೆದರು. ಅದು ಒಂದು ಬಗೆಯ ಕೊಬ್ಬು. ರಸಾಯನಶಾಸ್ತ್ರದ ಲೆಕ್ಕದಲ್ಲಿ ‘ಅಮೈಡ್’ ವರ್ಗಕ್ಕೆ ಸೇರಿದ್ದು. ಆನಂದಕ್ಕೆ ಅಮೈಡ್ ಕೂಡಿ ಆನಂದಮೈಡ್ ಆಯಿತು.

ಹೆಸರಿಡುವ ಹೊತ್ತಿಗೆ ಅವರ ಕೈಯಲ್ಲಿದ್ದ ಸಾಕ್ಷಿ ಏನು? ಒಂದು, ಈ ವಸ್ತು ಟಿಎಚ್‌ಸಿ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಇನ್ನೊಂದು, ಇಲಿಯ ವೀರ್ಯನಾಳವನ್ನು ಹೊರತೆಗೆದು, ವಿದ್ಯುತ್ ಹಾಯಿಸಿ ಅದರ ಸ್ನಾಯು ಅದುರುವಂತೆ ಮಾಡಿ, ಮೇಲೆ ಈ ವಸ್ತುವನ್ನು ಹಾಕಿದರೆ ಅದುರುವುದು ಕಡಿಮೆಯಾಗುತ್ತದೆ. ಅಷ್ಟೇ. ಆ ಪರೀಕ್ಷೆಗಳಲ್ಲಿ ಯಾರಿಗೂ ಆನಂದವಾಗಿದ್ದಿಲ್ಲ, ಆ ಇಲಿಗಂತೂ ಆಗಿರಲಾರದು. ಆನಂದ ಬಂದದ್ದು ಗಾಂಜಾದ ಕೀರ್ತಿಯಿಂದ. ಗಾಂಜಾ ಕೂರುವ ಪೀಠದ ಮೇಲೆ ಕೂತಿತು ಎಂಬ ಕಾರಣಕ್ಕೆ ಗಾಂಜಾದ ಗುಣ ಇದರ ಹೆಸರಿಗೆ ಅಂಟಿತು. ಅಲಂಕಾರಶಾಸ್ತ್ರ ಓದಿದವರು ಇದನ್ನು ಲಕ್ಷಣೆ ಎಂದು ಗುರುತಿಸುತ್ತಾರೆ: ಸಂಬಂಧದ ಬಲದಿಂದ ಒಂದರ ಅರ್ಥ ಇನ್ನೊಂದರ ಮೇಲೆ ಬರುವುದು. ಲಕ್ಷಣೆಯನ್ನು ವಾಚ್ಯಾರ್ಥ ಎಂದು ಓದಿದ್ದು ನನ್ನ ತಪ್ಪು.

ಹೆಸರಿನ ಮೋಸ ಅಲ್ಲಿಗೇ ಮುಗಿಯುವುದಿಲ್ಲ. 1995ರಲ್ಲಿ ಇದೇ ವ್ಯವಸ್ಥೆಯ ಎರಡನೆಯ ವಸ್ತುವೊಂದು ಸಿಕ್ಕಿತು. ಮಿದುಳಿನಲ್ಲಿ ಅದರ ಪ್ರಮಾಣ ಆನಂದಮೈಡಿಗಿಂತ ಎಷ್ಟೋ ಪಟ್ಟು ಹೆಚ್ಚು, ಕೆಲಸವೂ ಹೆಚ್ಚು. ಅದಕ್ಕೆ ಯಾರೂ ಸಂಸ್ಕೃತದ ಹೆಸರಿಡಲಿಲ್ಲ. ಅದರ ಹೆಸರು 2-ಎಜಿ. ಇಂಥ ಹೆಸರಿನ ವಸ್ತುವಿನ ಮೇಲೆ ಕಾವ್ಯಮೀಮಾಂಸೆಯ ವಿದ್ಯಾರ್ಥಿ ಪುಟ ಬರೆಯುವುದಿಲ್ಲ.

ಈ ವ್ಯವಸ್ಥೆ ಮಾಡುವ ಕೆಲಸ ವಿಚಿತ್ರವಾದದ್ದು. ಸಾಮಾನ್ಯವಾಗಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುತ್ತದೆ, ಸುದ್ದಿ ಒಂದೇ ದಿಕ್ಕಿಗೆ ಹೋಗುತ್ತದೆ. ಇಲ್ಲಿ ಹಾಗಲ್ಲ. ಸುದ್ದಿ ಪಡೆಯುವ ಕೋಶವೇ ತನ್ನ ಪೊರೆಯ ಕೊಬ್ಬಿನಿಂದ ಆಗಿಂದಾಗ್ಗೆ ಈ ವಸ್ತುವನ್ನು ತಯಾರಿಸಿ, ಕಳಿಸಿದ ಕೋಶಕ್ಕೆ ವಾಪಸ್ಸು ಕಳಿಸುತ್ತದೆ: ಸಾಕು, ಸ್ವಲ್ಪ ಕಡಿಮೆ ಮಾಡು. ಕೆಳಗಿನ ಮನೆಯವರು ಮಹಡಿಯವರಿಗೆ ಟಿವಿ ಸಣ್ಣ ಮಾಡಿ ಎಂದು ಹೇಳಿಕಳಿಸಿದ ಹಾಗೆ. ಹೀಗೆ ಹಿಂದಕ್ಕೆ ಓಡುವುದನ್ನು 2001ರಲ್ಲಿ ಬೇರೆ ಬೇರೆ ಗುಂಪುಗಳು ತೋರಿಸಿದವು. ಇದರಲ್ಲಿ ಹೆಚ್ಚಿನ ಓಡಾಟ ಹೆಸರಿಲ್ಲದ ಆ 2-ಎಜಿಯದೇ. ಕೆಲಸ ಮುಗಿದ ಕೂಡಲೇ ಈ ವಸ್ತುಗಳನ್ನು ಒಡೆದುಹಾಕುವ ಕಿಣ್ವಗಳೂ ಇವೆ. ಇನ್ನೂ ಒಂದು ತೊಡಕಿದೆ. ಹೀಗೆ ಸುಮ್ಮನಾಗಿಸಿದ ಕೋಶ ಕೆಲವೊಮ್ಮೆ ಕೆರಳಿಸುವ ಕೋಶವಾಗಿರುತ್ತದೆ, ಕೆಲವೊಮ್ಮೆ ತಣಿಸುವ ಕೋಶವೇ ಆಗಿರುತ್ತದೆ. ತಣಿಸುವವನ ಬಾಯಿ ಮುಚ್ಚಿಸಿದರೆ ಗಲಾಟೆ ಹೆಚ್ಚುತ್ತದೆ. ಆದ್ದರಿಂದ ಇದನ್ನು ‘ಶಾಂತಿಯ ರಾಸಾಯನಿಕ’ ಎನ್ನುವುದೂ ಅಷ್ಟೇ ಅವಸರದ ಮಾತು.

ನಿದ್ದೆಯ ವಿಷಯದಲ್ಲಿ ಪ್ರಯೋಗಗಳು ಹೇಳುವುದೂ ಇದಕ್ಕೆ ಹೊಂದುತ್ತದೆ. 1995ರಲ್ಲಿ ಅಮೆರಿಕದ ಸಂಶೋಧಕರು ನಿದ್ದೆಗೆಡಿಸಿದ ಬೆಕ್ಕುಗಳ ಮಿದುಳುಬಳ್ಳಿಯ ದ್ರವದಿಂದ ಒಲಿಯಮೈಡ್ ಎಂಬ ವಸ್ತುವನ್ನು ತೆಗೆದು ಇಲಿಗಳಿಗೆ ಚುಚ್ಚಿದರು, ಇಲಿಗಳು ಮಲಗಿದವು. ಇದು ಆನಂದಮೈಡಿನ ದಾಯಾದಿ, ಎರಡನ್ನೂ ಒಡೆಯುವ ಕಿಣ್ವ ಒಂದೇ. 1996ರಲ್ಲಿ ಸಿಬಿ1 ಗ್ರಾಹಕವನ್ನು ಮುಚ್ಚುವ ಔಷಧ ಕೊಟ್ಟಾಗ ಇಲಿಗಳ ಎಚ್ಚರದ ಹೊತ್ತು ಹೆಚ್ಚಾಯಿತು. 1998ರಲ್ಲಿ ಮೆಕ್ಸಿಕೋದ ಸಂಶೋಧಕರು ಆನಂದಮೈಡ್ ಕೊಟ್ಟು ನೋಡಿದಾಗ ಎಚ್ಚರ ಕಡಿಮೆಯಾಗಿ ನಿದ್ದೆ ಹೆಚ್ಚಿತು. ನಾನು ನನ್ನ ಪುಟದಲ್ಲಿ ಇಲ್ಲಿಗೇ ನಿಲ್ಲಿಸಿದ್ದೆ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ಓದಿರಲಿಲ್ಲ. ಅದರಲ್ಲಿ ಸಿಬಿ1 ಗ್ರಾಹಕ ಮುಚ್ಚಿದ ಇಲಿಗಳ ನಿದ್ದೆ ತುಂಡು ತುಂಡಾಯಿತು. ಆದರೆ ನಿದ್ದೆಗೆಡಿಸಿದರೆ ಆಮೇಲೆ ಆ ಬಾಕಿಯನ್ನು ತೀರಿಸಿಕೊಳ್ಳುವ ಶಕ್ತಿ ಹೋಗಲಿಲ್ಲ. ಅಂದರೆ ನಿದ್ದೆಯ ಹಸಿವನ್ನು ಹುಟ್ಟಿಸುವುದು ಈ ವ್ಯವಸ್ಥೆ ಅಲ್ಲ. ಬಂದ ನಿದ್ದೆ ಕದಲದಂತೆ ಹಿಡಿದಿಡುವುದರಲ್ಲಿ ಇದರ ಕೈಯಿದೆ. ಕನ್ನಡದಲ್ಲಿ ಕೋಳಿನಿದ್ದೆ ಎನ್ನುತ್ತೇವಲ್ಲ, ಗಳಿಗೆಗೊಮ್ಮೆ ಕಣ್ಣು ಬಿಡುವ ನಿದ್ದೆ. ಆ ಇಲಿಗಳಿಗೆ ಬಂದದ್ದು ಅಂಥದ್ದು.

ಮನುಷ್ಯರಲ್ಲಿ ನೋಡಿದರೆ ಚಿತ್ರ ಇನ್ನಷ್ಟು ಮನೆಗೆಲಸದ ಮಟ್ಟಕ್ಕೆ ಇಳಿಯುತ್ತದೆ. ರಕ್ತದಲ್ಲಿ 2-ಎಜಿ ನಡುನಿದ್ದೆಯ ಹೊತ್ತಿಗೆ ತೀರ ಕಡಿಮೆಯಿದ್ದು, ಬೆಳಗಿನಿಂದ ಏರುತ್ತ ಮಧ್ಯಾಹ್ನದ ಸುಮಾರಿಗೆ ತುದಿ ಮುಟ್ಟುತ್ತದೆ. ಷಿಕಾಗೋ ವಿಶ್ವವಿದ್ಯಾಲಯದವರು ಇಪ್ಪತ್ತರ ವಯಸ್ಸಿನ 14 ಜನರನ್ನು ನಾಲ್ಕು ರಾತ್ರಿ 4.5 ಗಂಟೆ ಮಾತ್ರ ಮಲಗಿಸಿ ನೋಡಿದರು. ಆ ತುದಿ ಇನ್ನೂ ಎತ್ತರವಾಯಿತು, ತಡವಾಗಿ ಬಂತು, ಸಂಜೆಯಾದರೂ ಇಳಿಯಲಿಲ್ಲ. ಊಟ ಮಾಡಿದ್ದವರೂ ಕುರುಕಲು ತಿಂಡಿಗೆ ಕೈಹಾಕಿದರು. ಪ್ರಬಂಧ ಸಲ್ಲಿಸುವ ವರ್ಷದಲ್ಲಿ ಗಂಗೋತ್ರಿಯ ಹಾಸ್ಟೆಲುಗಳಿಂದ ರಾತ್ರಿ ಹನ್ನೊಂದಕ್ಕೆ ಆಮ್ಲೆಟ್ ಗಾಡಿ ಹುಡುಕಿಕೊಂಡು ಹೊರಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಹಾಸ್ಟೆಲಿನಲ್ಲೇ ನನ್ನ ಗೆಳೆಯನೊಬ್ಬನಿದ್ದ. ಹೆಸರು ಬೇಡ. ನಿದ್ದೆ ಬರುವುದಿಲ್ಲ ಎಂದು ರಾತ್ರಿ ಸೇದಲು ಶುರುಮಾಡಿದ. ಮೊದಮೊದಲು ಚೆನ್ನಾಗಿತ್ತು ಎನ್ನುತ್ತಿದ್ದ: ತಲೆಯೊಳಗಿನ ಗಲಾಟೆ ನಿಂತು, ಜೋಂಪು ಹತ್ತಿ, ಬೆಳಿಗ್ಗೆಯೇ ಎಚ್ಚರ. ನನ್ನ ಆನಂದಮೈಡಿನ ಪುಟವನ್ನು ಮೊದಲು ಓದಿದವನೂ ಅವನೇ. “ನೋಡು, ಉಪನಿಷತ್ತಲ್ಲೇ ಇದೆಯಂತೆ” ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಒಂದಕ್ಕೆ ಎರಡಾಯಿತು. ಊರಿಗೆ ಹೋಗಬೇಕಾಗಿ ಬಂದು ಒಮ್ಮೆಲೇ ಬಿಟ್ಟಾಗ ಎರಡು ವಾರ ಅವನು ಸರಿಯಾಗಿ ಮಲಗಲಿಲ್ಲ. ಮಲಗಿದಾಗಲೆಲ್ಲ ಬೆವತು ಏಳುವಂಥ ಕನಸುಗಳು. ಹುಚ್ಚು ಹಿಡಿಯಿತೇನೋ ಎಂದು ಫೋನಿನಲ್ಲಿ ಅತ್ತ.

ಹುಚ್ಚಲ್ಲ, ಲೆಕ್ಕ. ಹೊರಗಿನಿಂದ ದಿನವೂ ಟಿಎಚ್‌ಸಿ ಬಂದು ಪೀಠದ ಮೇಲೆ ಕೂತರೆ ಮಿದುಳು ಪೀಠಗಳನ್ನೇ ಕಡಿಮೆ ಮಾಡುತ್ತದೆ. ಬಿಟ್ಟ ಮೇಲೆ ಅವು ಮೊದಲಿನಂತಾಗಲು ಸುಮಾರು ನಾಲ್ಕು ವಾರ ಬೇಕು. ಗಾಂಜಾ ಕನಸಿನ ನಿದ್ದೆಯನ್ನು ಅದುಮಿಡುತ್ತದೆ, ಬಿಟ್ಟಾಗ ಅದುಮಿಟ್ಟದ್ದೆಲ್ಲ ಒಟ್ಟಿಗೆ ನುಗ್ಗುತ್ತದೆ. ಯೇಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಗಾಂಜಾ ಬಿಡುತ್ತಿದ್ದ ಗಂಡಸರಿಗೆ ಆನಂದಮೈಡನ್ನು ಒಡೆಯುವ ಕಿಣ್ವವನ್ನು ತಡೆಯುವ ಔಷಧ ಕೊಟ್ಟರು. ದೇಹದ್ದೇ ವಸ್ತು ಸ್ವಲ್ಪ ಹೆಚ್ಚು ಹೊತ್ತು ಉಳಿಯಿತು, ಬಿಡುವಾಗಿನ ಸಂಕಟ ಕಡಿಮೆಯಾಯಿತು, ಗಾಢನಿದ್ದೆ ಹೆಚ್ಚಿತು. ಹಾಗೆಂದು ಇದು ಸಲೀಸು ದಾರಿಯೂ ಅಲ್ಲ. ಇದೇ ಕಿಣ್ವದ ಮೇಲೆ ಕೆಲಸ ಮಾಡಬೇಕಾಗಿದ್ದ ಬೇರೊಂದು ಔಷಧದ ಪರೀಕ್ಷೆಯಲ್ಲಿ 2016ರ ಜನವರಿಯಲ್ಲಿ ಫ್ರಾನ್ಸಿನಲ್ಲಿ ಒಬ್ಬರು ಸತ್ತರು. ಸಿಬಿ1 ಗ್ರಾಹಕವನ್ನೇ ಮುಚ್ಚಿ ಹಸಿವು ಕಡಿಮೆ ಮಾಡುವ ರಿಮೊನಬಾಂಟ್ ಎಂಬ ಮಾತ್ರೆಯನ್ನು ಯುರೋಪಿನಲ್ಲಿ 2008ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ತೂಕ ಇಳಿಯುತ್ತಿತ್ತು, ಜೊತೆಗೆ ಕೆಲವರಲ್ಲಿ ಖಿನ್ನತೆ, ಆತಂಕ, ನಿದ್ದೆಗೇಡು ಬರುತ್ತಿತ್ತು.

ನನ್ನ ಪುಟವೇ ಗೆಳೆಯನನ್ನು ಹಾಳುಮಾಡಿತು ಎಂದು ನಾನು ಹೇಳುತ್ತಿಲ್ಲ. ಅವನು ಸೇದುತ್ತಿದ್ದದ್ದು ನಿದ್ದೆಗಾಗಿಯೇ ಹೊರತು ಮಾಂಡೂಕ್ಯಕ್ಕಾಗಿ ಅಲ್ಲ. ಆದರೆ ಮತ್ತಿಗೂ ನಿದ್ದೆಗೂ ಆನಂದಕ್ಕೂ ಇರುವ ಅಂತರವನ್ನು ಒಂದು ಶ್ಲೇಷೆಯಲ್ಲಿ ಅಳಿಸಿಹಾಕಿದವನು ನಾನು. ನಮ್ಮ ಭಾಷೆಗೆ ಈ ಅಂತರಗಳು ಚೆನ್ನಾಗಿ ಗೊತ್ತು. ತೂಕಡಿಕೆ, ಜೋಂಪು, ಮಂಪರು, ಅರೆನಿದ್ದೆ, ಮತ್ತು, ಮೈಮರೆವು: ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ವಾಕ್ಯ ಕೆಡುತ್ತದೆ. ‘ಎಚ್ಚರ’ ಎಂಬ ಒಂದೇ ಮಾತಿನಲ್ಲಿ ನಿದ್ದೆ ತಿಳಿಯುವುದೂ ಇದೆ, ಜೋಕೆ ಎನ್ನುವುದೂ ಇದೆ.

ಇನ್ನು ಉಪನಿಷತ್ತಿನ ಕಡೆ. ಮೈಸೂರಿನಲ್ಲಿ ಕೂತು ಈ ವಿಷಯ ಬರೆಯುವವನಿಗೆ ಒಂದು ಹೊಣೆಯಿದೆ, ಅದನ್ನೂ ನಾನು ಮರೆತಿದ್ದೆ. ನಿದ್ದೆಯನ್ನು ತತ್ತ್ವಶಾಸ್ತ್ರದ ಮೊದಲ ದರ್ಜೆಯ ಪ್ರಶ್ನೆಯಾಗಿ ಈ ಊರು ಎತ್ತಿಕೊಂಡಿದ್ದ ಕಾಲವೊಂದಿತ್ತು. ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದ, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ತತ್ತ್ವಶಾಸ್ತ್ರ ಹೇಳಿಕೊಟ್ಟ ವಿ. ಸುಬ್ರಹ್ಮಣ್ಯ ಅಯ್ಯರ್, ‘ವೇದಾಂತ ಅಥವಾ ಸತ್ಯದ ವಿಜ್ಞಾನ’ ಎಂಬ ಅರ್ಥದ ಹೆಸರಿನಲ್ಲಿ 1930ರಲ್ಲಿ ಇಂಗ್ಲಿಷ್ ಗ್ರಂಥ ಬರೆದ ಕೆ.ಎ. ಕೃಷ್ಣಸ್ವಾಮಿ ಅಯ್ಯರ್, ಶಂಕರಭಾಷ್ಯಗಳನ್ನು ಕನ್ನಡಕ್ಕೆ ತರುವುದರಲ್ಲಿ ಬದುಕು ಸವೆಸಿದ ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು. ಇವರೆಲ್ಲರ ಪಟ್ಟು ಹೆಚ್ಚುಕಡಿಮೆ ಒಂದೇ: ಎಚ್ಚರ, ಕನಸು, ನಿದ್ದೆ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಜ್ಞಾನ ಅರೆಬರೆ ಜ್ಞಾನ. ನಿಖಿಲಾನಂದರ ಮಾಂಡೂಕ್ಯದ ಇಂಗ್ಲಿಷ್ ಅನುವಾದ 1930ರ ದಶಕದಲ್ಲಿ ಹೊರಬಂದದ್ದೂ ಮೈಸೂರಿನ ಶ್ರೀ ರಾಮಕೃಷ್ಣ ಆಶ್ರಮದಿಂದಲೇ, ಸುಬ್ರಹ್ಮಣ್ಯ ಅಯ್ಯರ್ ಮುನ್ನುಡಿಯೊಂದಿಗೆ.

ವಿಜ್ಞಾನ ಎಂಬ ಮಾತನ್ನು ಅವರು ಬಿಡಲಿಲ್ಲ ನಿಜ. ಆದರೆ ಅವರು ಉಪನಿಷತ್ತಿಗೆ ಪ್ರಯೋಗಾಲಯದಿಂದ ಸರ್ಟಿಫಿಕೇಟ್ ಕೇಳುತ್ತಿರಲಿಲ್ಲ. ಅವರ ವಾದದ ಬುಡದಲ್ಲಿದ್ದದ್ದು ನಾವೆಲ್ಲ ಬೆಳಿಗ್ಗೆ ಎದ್ದು ಹೇಳುವ ಮಾತು: ಸುಖವಾಗಿ ನಿದ್ದೆ ಮಾಡಿದೆ, ಏನೂ ಗೊತ್ತಾಗಲಿಲ್ಲ. ಏನೂ ಗೊತ್ತಾಗದಿದ್ದರೆ ಸುಖವಾಗಿತ್ತೆಂದು ಗೊತ್ತಾದದ್ದು ಹೇಗೆ, ಯಾರಿಗೆ? ಪ್ರಶ್ನೆ ಅಲ್ಲಿಂದ ಹೊರಡುತ್ತದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಒಪ್ಪಬಹುದು, ಬಿಡಬಹುದು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಸಾಕ್ಷಿ ಯಾವ ಬಗೆಯದು ಎನ್ನುವುದು ಸ್ಪಷ್ಟವಾಗಿದೆ: ಎದ್ದವನ ಮಾತು. ಇಲಿ ಎದ್ದು ಏನೂ ಹೇಳುವುದಿಲ್ಲ. ಅದರ ತಲೆಗೆ ಸಿಕ್ಕಿಸಿದ ತಂತಿ ಎಷ್ಟು ಹೊತ್ತು ಮಲಗಿತ್ತೆಂದು ಹೇಳುತ್ತದೆ, ಸುಖವಾಗಿತ್ತೇ ಎಂದು ಹೇಳುವುದಿಲ್ಲ. ಒಂದು ಸಾಕ್ಷಿಯನ್ನು ತಂದು ಇನ್ನೊಂದರ ಕಟಕಟೆಯಲ್ಲಿ ನಿಲ್ಲಿಸಿದಾಗ ಎರಡೂ ಮೂಕವಾಗುತ್ತವೆ.

ಮೇಡಂ ಹೇಳಿದ ಮೇಲೆ ಶಂಕರರ ಮಾಂಡೂಕ್ಯಭಾಷ್ಯವನ್ನು ಮತ್ತೆ ತೆಗೆದು ಓದಿದೆ. ನಾನು ಹಾರಿಸಿದ್ದ ಜಾಗ ಅಲ್ಲಿತ್ತು. ನಿದ್ದೆಯಲ್ಲಿರುವವನು ಆನಂದಮಯ ಯಾಕೆ? ನೋಡುವವನೂ ನೋಡುವ ವಸ್ತುವೂ ತಾನೇ ಆಗಿ ಮಿಡುಕಾಡುವ ಮನಸ್ಸಿನ ಆಯಾಸ ಅಲ್ಲಿಲ್ಲ, ಅದಕ್ಕೆ. ದುಡಿಮೆಯಿಲ್ಲದೆ ಸುಮ್ಮನೆ ಇರುವವನನ್ನು ಲೋಕದಲ್ಲಿ ಸುಖಿ ಎನ್ನುವುದಿಲ್ಲವೇ, ಹಾಗೆ. ಅಷ್ಟು ಹೇಳಿ ಶಂಕರರು ಕೂಡಲೇ ತಡೆ ಹಾಕುತ್ತಾರೆ: ಇದು ಆನಂದ ತುಂಬಿದ್ದು, ಆನಂದವೇ ಅಲ್ಲ, ಏಕೆಂದರೆ ಉಳಿಯುವಂಥದ್ದಲ್ಲ. ‘ಮಯ’ ಎಂಬ ಪ್ರತ್ಯಯಕ್ಕೆ ತುಂಬಿರುವುದು ಎಂದರ್ಥವೋ, ಅದರಿಂದಾದ ವಿಕಾರ ಎಂದರ್ಥವೋ ಎಂದು ಬ್ರಹ್ಮಸೂತ್ರದಲ್ಲೇ ಚರ್ಚೆಯಿದೆ, ಆಮೇಲೆ ಆಚಾರ್ಯರುಗಳ ನಡುವೆ ಶತಮಾನಗಟ್ಟಲೆ ಜಗಳವಿದೆ. ಒಂದು ‘ಡ್’ ವ್ಯತ್ಯಾಸ ಎಂದು ನಾನು ಬರೆದಿದ್ದು ಆ ‘ಮಯ’ದ ಬಗ್ಗೆ.

ಆಯಾಸದ ಅಭಾವ ಎನ್ನುವುದನ್ನು ಓದಿದ ಕೂಡಲೇ ನನ್ನ ಕೈ ಮತ್ತೆ ತುರಿಸಿತು. ಸಾಕು ಎಂದು ಹಿಂದಕ್ಕೆ ಹೇಳಿಕಳಿಸುವ ಕೋಶ, ಮಿಡುಕಾಟ ನಿಂತ ಮನಸ್ಸು: ಹೊಂದಿಕೆ ಎಷ್ಟು ಚೆಂದ! ಆದರೆ ಆ ಕೋಶ ತಣಿಸುವವನ ಬಾಯಿಯನ್ನೂ ಮುಚ್ಚಿಸುತ್ತದೆ ಎಂಬುದನ್ನು ಮರೆತರೆ ಮಾತ್ರ ಚೆಂದ.

ಹಾಗಾದರೆ ಎರಡನ್ನೂ ಒಟ್ಟಿಗೆ ಇಡಲೇಬಾರದೇ? ಇಡಬಹುದು, ಇಡುವ ರೀತಿಯನ್ನು ನಮ್ಮ ಕಾವ್ಯಮೀಮಾಂಸೆಯೇ ಕಲಿಸಿದೆ. ರಸದ ಸವಿ ಬ್ರಹ್ಮಾಸ್ವಾದಕ್ಕೆ ಸಹೋದರ ಎಂದು ಸಾಹಿತ್ಯದರ್ಪಣದ ವಿಶ್ವನಾಥ ಹೇಳುತ್ತಾನೆ. ಸಹೋದರ ಎಂದ, ಅದೇ ಎನ್ನಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಹೇಳಿದ ಎಂ. ಹಿರಿಯಣ್ಣನವರು ಕಲಾನುಭವದ ಬಗ್ಗೆ ಬರೆದಾಗ ಎಷ್ಟು ಹುಷಾರಾಗಿ ಹೆಜ್ಜೆಯಿಡುತ್ತಾರೆ ನೋಡಿ: ಕಲೆಯ ಅನುಭವ ಮೋಕ್ಷದ ಹಾಗಿದೆ, ಆದರೆ ಹೊರಗಿನ ಪ್ರೇರಣೆಯಿಂದ ಹುಟ್ಟಿದ್ದು, ಪ್ರೇರಣೆ ಹೋದರೆ ಹೋಗುವಂಥದ್ದು. ಹೋಲಿಕೆಯನ್ನು ಹೇಳುವಾಗಲೇ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳುವುದು ಅವರ ಕ್ರಮ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲೂ ಇದೇ ಎಚ್ಚರವಿದೆ. ಇವರ ಮೇಲೆ ಪ್ರಬಂಧ ಬರೆಯುತ್ತಿರುವ ನಾನು ಇವರಿಂದ ಈ ಒಂದು ಅಭ್ಯಾಸವನ್ನು ಕಲಿಯದೆ ಉಳಿದ ಎಲ್ಲವನ್ನೂ ಉದ್ಧರಿಸಿದ್ದೆ.

ಈಗ ಆ ಪುಟ ಪ್ರಬಂಧದಲ್ಲಿ ಇಲ್ಲ. ಅದರ ಬದಲು ಒಂದು ಅಡಿಟಿಪ್ಪಣಿ ಇದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಮನುಷ್ಯರ ರಕ್ತದಲ್ಲಿ ಆನಂದಮೈಡಿನ ಪ್ರಮಾಣವನ್ನು ಅಳೆದಿತ್ತು. ಮಲಗುವ ಮುಂಚೆ ಇದ್ದದ್ದಕ್ಕಿಂತ ಎದ್ದ ಹೊತ್ತಿಗೆ ಅದು ಮೂರು ಪಟ್ಟು ಇತ್ತು. ನಿದ್ದೆಗೆಡಿಸಿದರೆ ಈ ಲಯ ತಪ್ಪುತ್ತಿತ್ತು. ಎದ್ದವನೇ ಸುಖವಾಗಿತ್ತು ಎನ್ನುತ್ತಾನೆ, ಎದ್ದ ಹೊತ್ತಿಗೇ ಆನಂದಮೈಡ್ ಏರಿರುತ್ತದೆ! ಇದನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಹಕ್ಕಿಗಳು ಕೂಗಲು ಶುರುಮಾಡುವವರೆಗೂ ಅದರ ಮೇಲೆ ಇಡೀ ಅಧ್ಯಾಯವನ್ನು ಮನಸ್ಸಿನಲ್ಲೇ ಕಟ್ಟಿ ಕೆಡವಿದೆ. ರಕ್ತದಲ್ಲಿರುವುದು ಮಿದುಳಿನಲ್ಲಿರುವುದಲ್ಲ, ಏರಿದ ವಸ್ತು ಸುಖದ ಕಾರಣವೋ, ಏಳುವ ಕೆಲಸದ ಒಂದು ಭಾಗವೋ ಆ ಅಧ್ಯಯನದಿಂದ ತಿಳಿಯುವುದಿಲ್ಲ, ಸುಖವಾಗಿತ್ತೇ ಎಂದು ಆ ಜನರನ್ನು ಕೇಳಲು ಅವರು ಅಲ್ಲಿ ಕೂತಿರಲಿಲ್ಲ. ಇಷ್ಟನ್ನೂ ಟಿಪ್ಪಣಿಯಲ್ಲಿ ಬರೆದಿದ್ದೇನೆ.

ಮೇಡಂ ಅದರ ಪಕ್ಕ ಗೆರೆ ಎಳೆದಿಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಗೆಳೆಯ ಊರಿನಿಂದ ವಾಪಸ್ಸು ಬಂದಿದ್ದಾನೆ. ಕನಸುಗಳು ಈಗ ಕಡಿಮೆಯಂತೆ. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಾನೆ. ನಿದ್ದೆ ಹೇಗಿದೆ ಎಂದು ಕೇಳಿದರೆ, “ಬರತ್ತೆ, ಹೋಗತ್ತೆ” ಎನ್ನುತ್ತಾನೆ.